ಕೂಪನ್ ಅಚ್ಚು ಹಾಕಿಸೋ ಮೊದಲು ಹೋಗಿ ಬನ್ನಿ: ಹುಬ್ಬಳ್ಳಿಯ ಒಂದು ವಕೀಲರ ಕಚೇರಿ

ಸಂಘದ ಕೆಲಸಕ್ಕೆ ಹಣ ಬೇಕು, ಒಂದು ಲಕ್ಕಿ ಡ್ರಾ ಮಾಡಿಬಿಡೋಣ ಅಂತ ನಿಮ್ಮ ಕಮಿಟಿ ಮೀಟಿಂಗಿನಲ್ಲಿ ಯಾರಾದರೂ ಹೇಳಿದ್ದಾರಾ? ಹಾಗಾದರೆ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗುವ ಮೊದಲು ಒಬ್ಬ ವಕೀಲರ ಹತ್ತಿರ ಹೋಗಿ. ನಾವು ಮೊದಲು ಪ್ರೆಸ್ಸಿಗೆ ಹೋದೆವು, ಆಮೇಲೆ ವಕೀಲರ ಹತ್ತಿರ. ಪ್ರೂಫ್ ಹಂತದಲ್ಲೇ ನಿಲ್ಲಿಸಿದ್ದಕ್ಕೆ ಉಳಿದುಕೊಂಡೆವು. ಆ ಕಚೇರಿಗೆ ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ ಸ್ಟಾರ್. ಅರ್ಧ ಯಾಕೆ ಕಡಿಮೆ ಅಂತ ಕೊನೆಗೆ ಹೇಳ್ತೀನಿ.

ಹೆಸರು ಹಾಕ್ತಿಲ್ಲ. ವಕೀಲರು ಜಾಹೀರಾತು ಮಾಡಿಕೊಳ್ಳಬಾರದು ಅಂತ ಬಾರ್ ಕೌನ್ಸಿಲ್ ನಿಯಮ ಇದೆ. ನಾನು ಬರೀತೀನಿ ಸರ್ ಅಂದಾಗ ಅವರೇ ಕೈ ಮುಗಿದು "ಬರೀರಿ ಮೇಡಂ, ಹೆಸರು ಮಾತ್ರ ಬ್ಯಾಡ" ಅಂದರು. ವಿದ್ಯಾನಗರದಲ್ಲಿ ಒಂದು ಮೆಡಿಕಲ್ ಅಂಗಡಿಯ ಮೇಲಿನ ಮಹಡಿ, ಅಷ್ಟು ಸಾಕು. ಅವರೇ ಆಗಬೇಕು ಅಂತೇನೂ ಇಲ್ಲ. ಏನು ಕೇಳಬೇಕು, ಅವರು ಏನು ಹೇಳಿದರೆ ಕೆಲಸ ಬಲ್ಲವರು ಅಂತ ನಂಬಬಹುದು, ಅದು ಗೊತ್ತಾಗಲಿ ಅಂತ ಇಷ್ಟು ಉದ್ದ ಬರೀತಿದ್ದೀನಿ.

ನಮ್ಮದು ಗದಗ-ಬೆಟಗೇರಿಯ ಸಣ್ಣ ಸಂಘ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ನೋಂದಣಿ ಆಗಿದೆ. ನಾನು ಅದರ ಖಜಾಂಚಿ. ಬೆಟಗೇರಿಯ ನೇಕಾರರ ಓಣಿಯಲ್ಲಿ ಹೆಣ್ಣುಮಕ್ಕಳಿಗೆ ಸಂಜೆ ಓದುವ ಕೋಣೆ ನಡೆಸ್ತೀವಿ. ಮನೆಯಲ್ಲಿ ಮಗ್ಗದ ಸದ್ದು, ಒಂದೇ ಕೋಣೆ, ಓದೋಕೆ ಜಾಗ ಇರಲ್ಲ. 38 ಹುಡುಗಿಯರು ಬರ್ತಾರೆ, ಹೆಚ್ಚಿನವರು ಎಸ್ಸೆಸ್ಸೆಲ್ಸಿ, ಪಿಯುಸಿಯವರು. ಕೋಣೆಗೆ ಶೌಚಾಲಯ ಇರಲಿಲ್ಲ. ಒಂಬತ್ತರವರೆಗೆ ತೆರೆದಿಟ್ಟರೂ ಏಳೂವರೆಗೆ ಹುಡುಗಿಯರು ಒಬ್ಬೊಬ್ಬರೇ ಎದ್ದು ಹೋಗೋರು. ಯಾಕೆ ಅಂತ ನಮಗೆ ಅರ್ಥ ಆಗೋಕೆ ಎರಡು ತಿಂಗಳು ಬೇಕಾಯ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಶೌಚಾಲಯ, ಸೋರುವ ಮಾಳಿಗೆಗೆ ತಗಡು, ಕರೆಂಟ್ ಹೋದಾಗ ಯುಪಿಎಸ್, ಎಲ್ಲಾ ಸೇರಿ ಎರಡೂವರೆ ಲಕ್ಷ ಬೇಕು ಅಂತ ಲೆಕ್ಕ ಬಂತು. ಇದು 2024ರ ನವೆಂಬರ್ ಮಾತು.

ಪಟ್ಟಿ (ವಂತಿಗೆ) ಎತ್ತೋಣ ಅಂದರೆ, ಆಗಷ್ಟೇ ಗಣಪತಿ ಪಟ್ಟಿ, ದಸರಾ ಪಟ್ಟಿ, ರಾಜ್ಯೋತ್ಸವದ ಪಟ್ಟಿ ಎಲ್ಲಾ ಮುಗಿದಿತ್ತು. ಅಂಗಡಿಯವರು ನಮ್ಮನ್ನು ನೋಡಿದರೇನೇ ಒಳಗೆ ಹೋಗುವ ಸ್ಥಿತಿ. ಆಗ ನಮ್ಮ ಅಧ್ಯಕ್ಷರು, ನಿವೃತ್ತ ಮಾಸ್ತರು, ತಮ್ಮ ಮಗನ ಮಾತು ತಂದರು. ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಅಲ್ಲಿ ಮೊಮ್ಮಗಳ ಶಾಲೆಯಲ್ಲಿ ಪ್ರತಿ ವರ್ಷ ರ‍್ಯಾಫಲ್ ಅಂತ ಮಾಡ್ತಾರಂತೆ. ಟಿಕೆಟ್ ಮಾರಿ, ಚೀಟಿ ಎತ್ತಿ, ಗೆದ್ದವರಿಗೆ ಬಹುಮಾನ ಕೊಟ್ಟು, ಉಳಿದ ಹಣದಲ್ಲಿ ಲೈಬ್ರರಿಗೆ ಪುಸ್ತಕ ತರ್ತಾರಂತೆ. ಕೇಳೋಕೆ ಚಂದ ಇತ್ತು. 100 ರೂಪಾಯಿಯ 2,000 ಕೂಪನ್, ಅಂದರೆ ಎರಡು ಲಕ್ಷ. ಮೊದಲ ಬಹುಮಾನ ಸ್ಕೂಟರ್, ಎರಡನೆಯದು ಫ್ರಿಜ್, ಮೂರನೆಯದು ಒಂದು ಇಳಕಲ್ ಸೀರೆ. ಮೀಟಿಂಗಿನಲ್ಲಿ ಎಲ್ಲರೂ ಹೂಂ ಅಂದರು. ನಾನೂ ಹೂಂ ಅಂದೆ.

ಗದಗದಲ್ಲಿ ಪ್ರೆಸ್ಸಿಗೇನೂ ಬರ ಇಲ್ಲ, ಇದು ಮುದ್ರಣಕ್ಕೆ ಹೆಸರಾದ ಊರು. ನಾವು ಹೋದ ಪ್ರೆಸ್ಸಿನ ಕೆಲಸ ನಿಜಕ್ಕೂ ಚೊಕ್ಕ, ಅದನ್ನು ಒಪ್ಪಲೇಬೇಕು. ಎರಡೇ ದಿನದಲ್ಲಿ ಪ್ರೂಫ್ ಕೊಟ್ಟರು. ಗುಲಾಬಿ ಬಣ್ಣದ ಕಾಗದ, ಎಡಕ್ಕೆ ಹರಿದುಕೊಳ್ಳುವ ಚುಕ್ಕಿ ಗೆರೆ, ಎರಡೂ ಕಡೆ ಒಂದೇ ನಂಬರ್, ಮಧ್ಯದಲ್ಲಿ ಕೆಂಪು ಸ್ಕೂಟರಿನ ಚಿತ್ರ, ಕೆಳಗೆ ಅಧ್ಯಕ್ಷರ ಸಹಿ, ಖಜಾಂಚಿಯ ಸಹಿ. ಆದರೆ ಒಂದು ಮಾತು ನನಗೆ ಇವತ್ತಿಗೂ ಬೇಸರ. "ಇದಕ್ಕೆ ಪರ್ಮಿಷನ್ ಬೇಕಾ ಅಣ್ಣಾ?" ಅಂತ ನಾನು ಎರಡು ಸಲ ಕೇಳಿದೆ. "ಎಲ್ಲಾ ಮಂಡಳಿಯವರೂ ಮಾಡಸ್ತಾರ್ರೀ ಅಕ್ಕಾ, ಯಾರಿಗೇನಾಗೇದ? ಲಾಟರಿ ಅಂತ ಹಾಕಬ್ಯಾಡ್ರಿ, ದೇಣಿಗೆ ಕೂಪನ್ ಅಂತ ಹಾಕ್ರಿ, ಮುಗೀತು" ಅಂದರು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬಹುದಿತ್ತು. ಆಮೇಲೆ ಆರ್ಡರ್ ಬೇಡ ಅಂದಾಗ 2,000 ಅಡ್ವಾನ್ಸಿನಲ್ಲಿ ಪ್ರೂಫ್ ಖರ್ಚು ಅಂತ 800 ಹಿಡಿದುಕೊಂಡರು. ಅದು ಸರಿಯೇ ಇರಬಹುದು, ಕೆಲಸ ಮಾಡಿದ್ದಾರಲ್ವಾ.

ಆ ಪ್ರೂಫ್ ಮನೆಗೆ ತಂದು ನನ್ನ ಸಹಿ ನೋಡ್ತಾ ಕೂತಾಗ ಸಮಾಧಾನ ಆಗಲಿಲ್ಲ. ನನ್ನ ಸಹಿ ಇರುವ 2,000 ಕಾಗದ ಊರೆಲ್ಲಾ ಓಡಾಡುತ್ತವೆ. ಏನಾದರೂ ಆದರೆ ಕೇಳೋದು ಯಾರನ್ನ? ನಮ್ಮ ಮೈದುನ ಹುಬ್ಬಳ್ಳಿಯಲ್ಲಿದ್ದಾನೆ. ಅವನೇ ಈ ವಕೀಲರ ನಂಬರ್ ಕೊಟ್ಟ. ಶನಿವಾರ ಬೆಳಗ್ಗೆ ನಾನು, ಮಾಸ್ತರು ಗದಗದಿಂದ ರೈಲು ಹಿಡಿದು ಹೋದೆವು. ಹುಬ್ಬಳ್ಳಿ ಸ್ಟೇಷನ್ನಿನಿಂದ ಚಿಗರಿ ಬಸ್ಸಿನಲ್ಲಿ ವಿದ್ಯಾನಗರ.

ಸಲಹೆಗೆ 1,500 ರೂಪಾಯಿ, ಫೋನಿನಲ್ಲೇ ಹೇಳಿದ್ದರು. ಮುಕ್ಕಾಲು ಗಂಟೆ ಅಂದವರು ಸುಮಾರು ಒಂದೂವರೆ ಗಂಟೆ ಕೊಟ್ಟರು. ಅರವತ್ತರ ಆಸುಪಾಸಿನ ವಕೀಲರು, ಜೊತೆಗೆ ಒಬ್ಬಳು ಜೂನಿಯರ್ ಹುಡುಗಿ. ನಾನು ಕಥೆ ಶುರು ಮಾಡುವ ಮೊದಲೇ "ಕೂಪನ್ ತಂದೀರೇನು?" ಅಂತ ಕೇಳಿದರು. ಕೊಟ್ಟೆ. ಕನ್ನಡಕ ಏರಿಸಿ ಎರಡೂ ಬದಿ ನೋಡಿದರು. ಆಮೇಲೆ ಕೆಂಪು ಪೆನ್ನು ತಗೊಂಡು ಮೂರೇ ಕಡೆ ಸುತ್ತು ಹಾಕಿದರು. ಒಂದು "₹100". ಇನ್ನೊಂದು "ಬಂಪರ್ ಬಹುಮಾನ". ಮತ್ತೊಂದು, ಕೆಳಗೆ ಸಣ್ಣ ಅಕ್ಷರದಲ್ಲಿದ್ದ "ಡ್ರಾ ದಿನಾಂಕ". "ಕೊಟ್ಟಿದ್ದು ಹಣ, ಸಿಗೋದು ಬಹುಮಾನ, ನಿರ್ಧಾರ ಮಾಡೋದು ಚೀಟಿ. ಈ ಮೂರೂ ಒಂದೇ ಕಾಗದದ ಮ್ಯಾಲೆ ಬಂದ್ರ ಅದು ಲಾಟರಿ. ಮ್ಯಾಲೆ ನೀವು ದೇಣಿಗೆ ಅಂತ ಬರೀರಿ, ಪ್ರಸಾದ ಅಂತ ಬರೀರಿ" ಅಂದರು. ಆ ಮೂರು ಸುತ್ತುಗಳಲ್ಲಿ ನನಗೆ ಅರ್ಧ ಕಾನೂನು ಅರ್ಥ ಆಯ್ತು. ಆ ಪ್ರೂಫ್ ಈಗಲೂ ನನ್ನ ಫೈಲಿನಲ್ಲಿದೆ.

ಉಳಿದರ್ಧ ಹೀಗೆ. ನಮ್ಮ ದೇಶದಲ್ಲಿ ಲಾಟರಿ ನಡೆಸೋದು ರಾಜ್ಯ ಸರ್ಕಾರದ ಕೆಲಸ. 1998ರ ಲಾಟರಿ ನಿಯಂತ್ರಣ ಕಾಯ್ದೆ ಅದಕ್ಕೂ ಷರತ್ತು ಹಾಕುತ್ತದೆ. ಟಿಕೆಟ್ಟನ್ನು ಸರ್ಕಾರವೇ ತನ್ನ ಗುರುತಿನೊಂದಿಗೆ ಮುದ್ರಿಸಬೇಕು, ಡ್ರಾ ಸರ್ಕಾರವೇ ನಡೆಸಬೇಕು, ಮಾರಾಟದ ಹಣ ಸರ್ಕಾರದ ಖಾತೆಗೇ ಹೋಗಬೇಕು. ಷರತ್ತು ಮೀರಿದರೆ ಎರಡು ವರ್ಷದವರೆಗೆ ಜೈಲು, ಜಾಮೀನು ಸಿಗದ ಅಪರಾಧ. ಖಾಸಗಿಯವರಿಗೆ ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಂ ಇದೆ, 2024ರ ಜುಲೈ 1ರಿಂದ ಜಾರಿಯಲ್ಲಿರೋದು. ಸರ್ಕಾರದ್ದಲ್ಲದ, ಸರ್ಕಾರ ಒಪ್ಪಿಗೆ ಕೊಡದ ಲಾಟರಿಯ ಡ್ರಾಗೆ ಜಾಗ ಇಟ್ಟುಕೊಂಡರೆ ಆರು ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಅಂಥ ಲಾಟರಿಯಲ್ಲಿ ಬಹುಮಾನ ಕೊಡ್ತೀವಿ ಅಂತ ಪ್ರಕಟಿಸಿದರೇ 5,000 ರೂಪಾಯಿವರೆಗೆ ದಂಡ. ಹಳೆಯ ಐಪಿಸಿಯಲ್ಲಿ ಇದೇ 294ಎ ಅಂತ ಇತ್ತು, ಆಗ ಪ್ರಕಟಣೆಯ ದಂಡ 1,000 ಇತ್ತು. ಪ್ರಕಟಿಸೋದು ಅಂದಾಗ ಮಾಸ್ತರು ನನ್ನ ಮುಖ ನೋಡಿದರು. ಅವರು ಆಗಲೇ ಸ್ಕೂಟರಿನ ಪೋಸ್ಟರ್ ಮಾಡಿಸಿ ನಾಲ್ಕು ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಅಲ್ಲೇ ಕೂತು, ಜೂನಿಯರ್ ಹುಡುಗಿ ತೋರಿಸಿಕೊಟ್ಟಂತೆ ಒಂದೊಂದಾಗಿ ಅಳಿಸಿದರು.

ನಾವೂ ಸುಮ್ನೆ ಒಪ್ಪಲಿಲ್ಲ, ನಮ್ಮ ಪ್ರಶ್ನೆ ಎಲ್ಲಾ ಕೇಳಿದೆವು. ಈ ಕಚೇರಿ ನನಗೆ ಇಷ್ಟ ಆಗಿದ್ದು ಇಲ್ಲೇ. ಒಂದಕ್ಕೂ ಸಿಟ್ಟಾಗಲಿಲ್ಲ.

ಕೇರಳದಲ್ಲಿ ಇದೆಯಲ್ಲ ಸರ್? ಅದು ಸರ್ಕಾರವೇ 1967ರಲ್ಲಿ ಶುರು ಮಾಡಿದ ಲಾಟರಿ. ನಮ್ಮಲ್ಲೂ ಇತ್ತು, 2007ರಲ್ಲಿ ಕರ್ನಾಟಕದಲ್ಲಿ ಲಾಟರಿ ನಿಷೇಧ ಆಯ್ತು. ಕೂಲಿ ಹಣ ಎಲ್ಲಾ ಒಂದಂಕಿ ಟಿಕೆಟ್ಟಿಗೆ ಸುರಿದು ಹಾಳಾದ ಮನೆಗಳನ್ನು ನಮ್ಮ ಓಣಿಯಲ್ಲೇ ನೋಡಿದವಳು ನಾನು. ಆ ನೆನಪು ಇದ್ದೂ ನಮ್ಮ ಕೂಪನ್ ಬೇರೆ ಅಂತ ನನಗೆ ಅನ್ನಿಸಿತ್ತು, ಯಾಕಂದರೆ ನಮ್ಮ ಉದ್ದೇಶ ಒಳ್ಳೆಯದು. ಅದಕ್ಕೆ ಅವರು ಕೊಟ್ಟ ಉತ್ತರ: "ರೊಕ್ಕ ಎಲ್ಲಿಗೆ ಹೋಗ್ತದ ಅನ್ನೋದು ಆಮೇಲಿನ ಮಾತು ಮೇಡಂ. ರೊಕ್ಕ ಹೆಂಗ ಬಂತು ಅಂತ ಕಾನೂನು ಮೊದಲ ಕೇಳ್ತದ."

ನೋಂದಣಿ ಆದ ಸಂಘ ಅಲ್ವಾ ನಮ್ಮದು? ನೋಂದಣಿ ಅಂದರೆ ಸಂಘಕ್ಕೆ ಒಂದು ಗುರುತು, ಖಾತೆ ತೆರೆಯೋಕೆ, ಆಸ್ತಿ ಇಟ್ಟುಕೊಳ್ಳೋಕೆ. ಲಾಟರಿಗೆ ಪರವಾನಗಿ ಅದರಲ್ಲಿ ಬರಲ್ಲ. ಪದಬಂಧ ಇಟ್ಟು ಸರಿ ಉತ್ತರ ಕೊಟ್ಟವರಿಗೆ ಬಹುಮಾನ ಕೊಟ್ಟರೆ? ಅದಕ್ಕೂ 1955ರ ಬಹುಮಾನ ಸ್ಪರ್ಧೆಗಳ ಕಾಯ್ದೆ ಇದೆ. ತಿಂಗಳಿಗೆ ಒಟ್ಟು 1,000 ರೂಪಾಯಿ ಮೀರಿದ ಬಹುಮಾನ ಇಡೋ ಹಾಗಿಲ್ಲ, ಅದರೊಳಗೆ ಇಟ್ಟರೂ ಲೈಸೆನ್ಸ್ ಬೇಕು, ಒಂದು ಸ್ಪರ್ಧೆಗೆ 2,000ಕ್ಕಿಂತ ಜಾಸ್ತಿ ಎಂಟ್ರಿ (ಉತ್ತರ ಪತ್ರ) ತಗೊಳ್ಳೋ ಹಾಗಿಲ್ಲ. ತಿಂಗಳಿಗೆ 100 ಕಟ್ಟಿಸಿಕೊಂಡು ತಿಂಗಳಿಗೊಂದು ಚೀಟಿ ಎತ್ತಿದರೆ? ಅದು 1978ರಲ್ಲೇ ನಿಷೇಧ ಆದ ಪ್ರೈಜ್ ಚಿಟ್. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ಒಂದು ಪತ್ರಿಕೆಯ ಬಹುಮಾನ ಸ್ಪರ್ಧೆ ಸುಪ್ರೀಂ ಕೋರ್ಟಿನವರೆಗೆ ಹೋದ ಕೇಸನ್ನೂ ಹೇಳಿದರು. ಜೂಜನ್ನು ವ್ಯಾಪಾರ ಅಂತ ಹೇಳಿ ಸಂವಿಧಾನದ ರಕ್ಷಣೆ ಕೇಳೋಕೆ ಬರಲ್ಲ ಅಂತ 1957ರಲ್ಲೇ ತೀರ್ಪಾಗಿದೆ. ಮತ್ತೆ ಎಲ್ಲಾ ಮಂಡಳಿಯವರೂ ಮಾಡ್ತಾರಲ್ಲ? ಯಾರೂ ದೂರು ಕೊಟ್ಟಿಲ್ಲ, ಅಷ್ಟೇ. ಬಹುಮಾನ ಸಿಗದ ಒಬ್ಬ ಸಿಟ್ಟಾದರೂ ಸಾಕು, ಠಾಣೆಗೆ ಹೋಗೋಕೆ. ಸರ್ಕಾರದ ಒಪ್ಪಿಗೆ ಕೇಳಿ ಅರ್ಜಿ ಹಾಕಬಹುದಲ್ಲ ಅಂದೆ. ಹಾಕಬಹುದು, ಆದರೆ ಕೈಯಲ್ಲಿ ಆದೇಶ ಬರೋವರೆಗೆ ಒಂದು ಕೂಪನ್ನೂ ಅಚ್ಚಾಗಬಾರದು, ಲಾಟರಿ ನಿಲ್ಲಿಸಿದ ರಾಜ್ಯದಲ್ಲಿ ಅದನ್ನು ನಂಬಿಕೊಂಡು ಶೌಚಾಲಯದ ಕೆಲಸ ಶುರು ಮಾಡಬೇಡಿ ಅಂದರು.

ಆಮೇಲೆ ಜೂನಿಯರ್ ಹುಡುಗಿ ಒಂದು ಲೆಕ್ಕ ಹಾಕಿ ತೋರಿಸಿದಳು. ಅದು ನನ್ನನ್ನು ಕಾನೂನಿಗಿಂತ ಜಾಸ್ತಿ ತಟ್ಟಿತು. ಸ್ಕೂಟರ್ 85,000. ಲಕ್ಕಿ ಡ್ರಾದಲ್ಲಿ ಬಂದ ಬಹುಮಾನ 10,000 ರೂಪಾಯಿ ಮೀರಿದರೆ ಕೊಡುವವರು ಶೇಕಡಾ 30 ತೆರಿಗೆ ಹಿಡಿಯಬೇಕು. ವಸ್ತು ಕೊಡೋದಾದರೆ, ಆ ತೆರಿಗೆ ಕಟ್ಟಿದ ಮೇಲೇ ವಸ್ತು ಕೈಗೆ ಕೊಡಬೇಕು. 85,000ಕ್ಕೆ 25,500. ಅಂದರೆ ನಮ್ಮ ಓಣಿಯ ನೇಕಾರನೊಬ್ಬನಿಗೆ ನಂಬರ್ ಹತ್ತಿತು ಅಂದುಕೊಳ್ಳಿ, ವೇದಿಕೆ ಮೇಲೆ ಕರೆದು ಹಾರ ಹಾಕಿ "ಅಣ್ಣಾ, 25,500 ತಗೊಂಬಾ, ಆಮೇಲೆ ಕೀಲಿ ಕೊಡ್ತೀವಿ" ಅನ್ನಬೇಕು. ಇಲ್ಲವಾದರೆ ಅದನ್ನೂ ಸಂಘವೇ ಕಟ್ಟಬೇಕು. ವಾರಕ್ಕೆ ಎರಡು ಸೀರೆ ನೇಯುವವನಿಗೆ 25,500 ಅಂದರೆ ಏನು ಅಂತ ನನಗೆ ಗೊತ್ತು. ಬಹುಮಾನ ಅಂತ ಅವನ ತಲೆ ಮೇಲೆ ಸಾಲ ಹೊರಿಸೋದು ಯಾವ ಸೇವೆ ಹೇಳಿ?

ಅವಳೇ ಮುಂದುವರಿಸಿದಳು. ಸ್ಕೂಟರ್ 85,000, ಫ್ರಿಜ್ 18,000, ಅಚ್ಚು ಮತ್ತು ಸೀರೆ ಸೇರಿ 6,000. ಒಟ್ಟು 1,09,000. ಎರಡು ಸಾವಿರ ಕೂಪನ್ನೂ ಪೂರ್ತಿ ಖಾಲಿ ಆದರೂ ಉಳಿಯೋದು 91,000. ನೂರು ರೂಪಾಯಿ ಕೊಟ್ಟವನ ನಲವತ್ತೈದೂವರೆ ರೂಪಾಯಿ ಮಾತ್ರ ಹುಡುಗಿಯರಿಗೆ. ಸಂಜೆ ಮಾಸ್ತರ ಮಗನಿಗೆ ಫೋನ್ ಮಾಡಿದಾಗ ಅವನೂ ಅಲ್ಲಿನ ನಿಯಮ ಓದಿ ಹೇಳಿದ. ಕ್ಯಾಲಿಫೋರ್ನಿಯಾದಲ್ಲಿ ಸೇವಾ ಸಂಸ್ಥೆಯವರು ರ‍್ಯಾಫಲ್ ಮಾಡಬಹುದು, ಆದರೆ ಮೊದಲು ಅಲ್ಲಿನ ಅಟಾರ್ನಿ ಜನರಲ್ ಕಚೇರಿಯಲ್ಲಿ ನೋಂದಣಿ ಆಗಬೇಕು, ಟಿಕೆಟ್ಟನ್ನು ಇಂಟರ್ನೆಟ್ಟಿನಲ್ಲಿ ಮಾರಬಾರದು, ಬಂದ ಒಟ್ಟು ಹಣದಲ್ಲಿ ಶೇಕಡಾ 90 ಸೇವೆಗೇ ಹೋಗಬೇಕು. ಅಂದರೆ ನಮ್ಮ ಪ್ಲಾನು ಅಲ್ಲಿಯೂ ಪಾಸಾಗ್ತಿರಲಿಲ್ಲ. ಬಹುಮಾನ ಎಲ್ಲಾ ದಾನವಾಗಿ ಬಂದರಷ್ಟೇ ಆ ಲೆಕ್ಕ ಕೂಡುತ್ತದೆ. ಬ್ರಿಟನ್ನಿನಲ್ಲಿ ಕಡಿಮೆ ಅಂದರೂ ಶೇಕಡಾ 20 ಸೇವೆಗೆ ಹೋಗಬೇಕು ಅಂತ ಇದೆ, ಸಣ್ಣ ಸಂಘಗಳು ಅಲ್ಲಿನ ಸ್ಥಳೀಯ ಆಡಳಿತದಲ್ಲಿ ನೋಂದಣಿ ಮಾಡಿಸಿಕೊಳ್ಳುತ್ತವೆ. ವಿದೇಶದಲ್ಲಿ ನಡೀತದೆ ಅಂತ ನಾವು ಕೇಳಿದ್ದೆವೇ ಹೊರತು, ಹೇಗೆ ನಡೀತದೆ ಅಂತ ಕೇಳಿರಲಿಲ್ಲ.

ಬೇಡ ಅಂತ ಹೇಳಿ ಕಳಿಸುವ ವಕೀಲರು ಬೇಕಾದಷ್ಟು ಸಿಗ್ತಾರೆ. ಹಾಗಾದರೆ ಏನು ಮಾಡಬಹುದು ಅಂತ ಕೂತು ಹೇಳುವವರು ಕಡಿಮೆ. ಇವರು ಆ ಮೂರು ಸುತ್ತುಗಳಿಗೇ ವಾಪಸ್ ಬಂದರು. ಮೂರರಲ್ಲಿ ಒಂದನ್ನು ಪ್ರಾಮಾಣಿಕವಾಗಿ ತೆಗೆದು ಹಾಕಿ ಅಂದರು. ಹಣ ತೆಗೆದರೆ ಅದು ಉಚಿತ ಚೀಟಿ, ಕಾರ್ಯಕ್ರಮಕ್ಕೆ ಬಂದವರಿಗೆಲ್ಲಾ ಬಾಗಿಲಲ್ಲಿ ಒಂದು ನಂಬರ್ ಕೊಟ್ಟು ಕೊನೆಗೆ ಚೀಟಿ ಎತ್ತೋದು. ಆದರೆ ದೇಣಿಗೆ ಕೊಟ್ಟವರಿಗೆ ಮಾತ್ರ ನಂಬರ್ ಅಂದರೆ ಮತ್ತೆ ಅದೇ ಕೂಪನ್, ಹಾಗೆ ಮಾಡಬಾರದು. ಚೀಟಿ ತೆಗೆದರೆ ಅದು ಲಿಲಾವು, ಜಾಸ್ತಿ ಕೂಗಿದವರಿಗೆ ವಸ್ತು. ಬಹುಮಾನ ತೆಗೆದರೆ ಅದು ಶುದ್ಧ ದೇಣಿಗೆ. "ಇಲ್ಲಾ, ರೊಕ್ಕಕ್ಕ ಬದಲು ಏನರೆ ಕೊಡ್ರಿ. ನಾಟಕ ಆಡಸ್ರಿ. ಗದಗಿನವರಿಗೆ ನಾನು ಹೇಳಬೇಕೇನು?" ಅಂದರು.

ಹೌದಲ್ಲ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ನಾಟಕ ಕಂಪನಿ ನಡೆಸಿ, ಅದರ ಗಳಿಕೆಯಿಂದ ವೀರೇಶ್ವರ ಪುಣ್ಯಾಶ್ರಮದ ಅಂಧ ಮಕ್ಕಳಿಗೆ ಅನ್ನ, ಸಂಗೀತ ಎರಡನ್ನೂ ಕೊಟ್ಟ ಊರು ನಮ್ಮದು. ಸಹಾಯಾರ್ಥ ನಾಟಕ ಅನ್ನೋ ಮಾತನ್ನು ಚಿಕ್ಕಂದಿನಿಂದ ಗೋಡೆ ಮೇಲೆ ಓದಿದವರು ನಾವು. ಟಿಕೆಟ್ ಕೊಂಡವನಿಗೆ ನಾಟಕ ಸಿಗ್ತದೆ, ಅದೃಷ್ಟದ ಮಾತೇ ಇಲ್ಲ. ಲಿಲಾವಂತೂ ನಮ್ಮ ಜಾತ್ರೆಗಳಲ್ಲಿ ದೇವರ ತೆಂಗಿನಕಾಯಿಯಿಂದ ಹಿಡಿದು ಎಲ್ಲದಕ್ಕೂ ನಡೀತದೆ. ಮನೆಯಲ್ಲೇ ಇದ್ದದ್ದನ್ನು ಬಿಟ್ಟು ನಾವು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದೆವು.

ತೆರಿಗೆ ವಿಷಯಕ್ಕೆ ಅವರೇ ಕೆಳಗಿನ ಬೀದಿಯ ಒಬ್ಬ ಸಿಎ ಹತ್ತಿರ ಕಳಿಸಿದರು, ಅಲ್ಲಿ 1,000 ರೂಪಾಯಿ. ಅರ್ಧ ಗಂಟೆಯ ಮಾತು, ಆದರೆ ಪ್ರತಿ ಸಂಘದ ಖಜಾಂಚಿಗೂ ಬೇಕಾದದ್ದು. 80ಜಿ ರಸೀದಿ, ಅಂದರೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವ ರಸೀದಿ, ಕೊಡಬಹುದಾದದ್ದು ಬದಲಿಗೆ ಏನೂ ತಗೊಳ್ಳದೆ ಕೊಟ್ಟ ದೇಣಿಗೆಗೆ ಮಾತ್ರ. ನಾಟಕದ ಟಿಕೆಟ್ಟಿಗೆ ಇಲ್ಲ, ಲಿಲಾವಿನಲ್ಲಿ ಕೊಂಡ ಸೀರೆಗೂ ಇಲ್ಲ. ಅವುಗಳ ಲೆಕ್ಕ ಬೇರೆ ಪುಸ್ತಕದಲ್ಲಿ ಇಡಬೇಕು. 2,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗಲ್ಲ, ಚೆಕ್ ಅಥವಾ ಯುಪಿಐ ಮಾಡಿಸಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ 80ಜಿ ಲಾಭವೇ ಇಲ್ಲ, ಇದನ್ನು ಮೊದಲೇ ಹೇಳಿಬಿಡಿ, ಆಮೇಲೆ ಬೇಸರ ಆಗೋದು ಬೇಡ. ನಮ್ಮ ಮೇಷ್ಟ್ರುಗಳಲ್ಲಿ ಹಲವರು ಆಗಲೇ ಹೊಸ ಪದ್ಧತಿಗೆ ಹೋಗಿದ್ದರು. ದೇಣಿಗೆ ಕೊಟ್ಟವರ ಪಟ್ಟಿಯನ್ನು 10ಬಿಡಿ ಫಾರ್ಮಿನಲ್ಲಿ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಕೊಡಬೇಕು, ಇಲ್ಲದಿದ್ದರೆ ಅವರಿಗೆ ಪ್ರಮಾಣಪತ್ರ ಬರಲ್ಲ. ಹೆಸರು, ವಿಳಾಸ ಇಲ್ಲದ ದೇಣಿಗೆ ಒಂದು ಮಿತಿ ದಾಟಿದರೆ ಅದಕ್ಕೆ ಶೇಕಡಾ 30 ತೆರಿಗೆ. ಆ ಮಿತಿ ವರ್ಷಕ್ಕೆ ಒಂದು ಲಕ್ಷ ಅಥವಾ ಒಟ್ಟು ದೇಣಿಗೆಯ ಶೇಕಡಾ 5, ಯಾವುದು ಜಾಸ್ತಿಯೋ ಅದು. ಡಬ್ಬಿ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲೋ ಸಂಘಗಳು ಇದನ್ನು ತಿಳಿದಿರಲಿ. ಇದೆಲ್ಲಾ ನಾವು ಹೋದಾಗಿನ ಲೆಕ್ಕ. ನೀವು ಹೋಗುವಾಗ ಕಲಂ ನಂಬರ್, ಫಾರ್ಮಿನ ಹೆಸರು ಸಿಎ ಹತ್ತಿರ ಇನ್ನೊಮ್ಮೆ ಕೇಳಿಕೊಳ್ಳಿ.

ಜನವರಿಯಲ್ಲಿ ನಾಟಕ ಮಾಡಿಸಿದೆವು. ಪೊಲೀಸ್ ಠಾಣೆಯಲ್ಲಿ ಅನುಮತಿ, ಧ್ವನಿವರ್ಧಕಕ್ಕೆ ಅನುಮತಿ, ಎರಡಕ್ಕೂ ಯಾವ ಅರ್ಜಿ ಅಂತ ವಕೀಲರ ಜೂನಿಯರ್ ವಾಟ್ಸಾಪಿನಲ್ಲೇ ನಮೂನೆ ಕಳಿಸಿದಳು, ಅದಕ್ಕೆ ಬೇರೆ ಹಣ ಕೇಳಲಿಲ್ಲ. ರಾತ್ರಿ ಹತ್ತಕ್ಕೆ ಸ್ಪೀಕರ್ ಬಂದ್ ಆಗಬೇಕು ಅಂತ ಆರಕ್ಕೇ ಪರದೆ ಎತ್ತಿಸಿದೆವು. 150 ರೂಪಾಯಿಯ 540 ಟಿಕೆಟ್ ಹೋದವು, 81,000. ಕಲಾವಿದರಿಗೆ 35,000, ಪೆಂಡಾಲು ಮತ್ತು ಮೈಕಿಗೆ 18,000 ಹೋಗಿ ಉಳಿದದ್ದು 28,000.

ಮಧ್ಯಂತರದಲ್ಲಿ ಲಿಲಾವು. ಇದನ್ನು ಹೇಳಲೇಬೇಕು. ಓಣಿಯ ಹತ್ತು ನೇಕಾರರು ತಲಾ ಒಂದೊಂದು ಸೀರೆ ಕೊಟ್ಟಿದ್ದರು, ತಾವೇ ನೇಯ್ದದ್ದು. ಕೂಪನ್ ಮಾರಿದ್ದರೆ ಇವರೇ ನಮ್ಮ ಗಿರಾಕಿಗಳಾಗುತ್ತಿದ್ದರು, ಈಗ ದಾನಿಗಳಾಗಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಮೊದಲು ಒಂದು ತೆಂಗಿನಕಾಯಿ ಇಟ್ಟೆವು, ಅರಿಶಿನ ಕುಂಕುಮ ಹಚ್ಚಿ. 51ಕ್ಕೆ ಶುರು. 101 ಅಂದರು ಒಬ್ಬರು, 251 ಅಂದರು ಹಿಂದಿನಿಂದ. ಕಿರಾಣಿ ಅಂಗಡಿಯವರು ಮತ್ತು ಒಬ್ಬ ಗುತ್ತಿಗೆದಾರರ ನಡುವೆ ಜಿದ್ದಿಗೆ ಬಿದ್ದು 3,100ಕ್ಕೆ ಹೋಯ್ತು. ಗೆದ್ದ ಗುತ್ತಿಗೆದಾರರು ಕಾಯಿ ತಗೊಂಡು ನೇರ ಬಂದು ನಮ್ಮ ಓದುವ ಕೋಣೆಯ ಒಬ್ಬ ಹುಡುಗಿಯ ಕೈಗೆ ಕೊಟ್ಟು "ಚಲೋ ಓದವ್ವಾ" ಅಂದು ಕೂತರು. ಆ ಹುಡುಗಿಗೆ ಏನು ಮಾಡಬೇಕು ತಿಳಿಯದೆ ಕಾಯಿ ಎದೆಗೆ ಒತ್ತಿಕೊಂಡೇ ಉಳಿದ ನಾಟಕ ನೋಡಿದಳು. ಸೀರೆಗಳೂ ಸೇರಿ ಲಿಲಾವಿನಲ್ಲಿ 64,300 ಬಂತು. ರಸೀದಿ ಹಾಕಿದ ದೇಣಿಗೆ 1,21,500. ಎಲ್ಲಾ ಕೂಡಿ 2,13,800. ಎರಡೂವರೆ ಲಕ್ಷ ಆಗಲಿಲ್ಲ, ಯುಪಿಎಸ್ ಇನ್ನೂ ಬಾಕಿ. ಶೌಚಾಲಯ, ತಗಡು ಆಗಿದೆ. ಮರುದಿನವೇ ಪೂರ್ತಿ ಲೆಕ್ಕ ಬರೆದು ಕೋಣೆಯ ಬಾಗಿಲಿಗೆ ಅಂಟಿಸಿದೆವು. 1905ರಲ್ಲೇ ಸಹಕಾರಿ ಸಂಘ ಕಟ್ಟಿದ ಕಣಗಿನಹಾಳ ನಮ್ಮ ತಾಲೂಕಿನದೇ, ಕೂಡಿಸಿದ ಹಣದ ಲೆಕ್ಕ ಎಲ್ಲರಿಗೂ ಕಾಣುವ ಹಾಗೆ ಇಡಬೇಕು ಅನ್ನೋದನ್ನು ಇಲ್ಲಿಯ ಜನಕ್ಕೆ ಹೇಳಿಕೊಡಬೇಕಾಗಿಲ್ಲ.

ಈಗ ಆ ಅರ್ಧ ಸ್ಟಾರ್. ಹತ್ತೂವರೆಗೆ ಬರೋಕೆ ಹೇಳಿ ಹನ್ನೆರಡರವರೆಗೆ ಕಾಯಿಸಿದರು. ಮಾಸ್ತರಿಗೆ ಎಪ್ಪತ್ತೆರಡು ವಯಸ್ಸು, ಕಾಯುವ ಜಾಗದಲ್ಲಿ ಎರಡೇ ಕುರ್ಚಿ, ಕುಡಿಯುವ ನೀರು ಇರಲಿಲ್ಲ. ಕಲಂ ಹೇಳುವಾಗ ಕೋರ್ಟಿನ ಇಂಗ್ಲಿಷಿಗೆ ಹೋಗಿಬಿಡ್ತಾರೆ, ನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳಿ ಅನ್ನಬೇಕು. ಅಂದರೆ ಹೇಳ್ತಾರೆ, ಚೆನ್ನಾಗಿಯೇ ಹೇಳ್ತಾರೆ. ಇನ್ನೊಂದು, ಸಲಹೆಯನ್ನು ಬರಹದಲ್ಲಿ ಬೇಕು ಅಂದರೆ ಬೇರೆ 1,000. ಇದನ್ನು ಫೋನಿನಲ್ಲೇ ಹೇಳಬೇಕಿತ್ತು. ನಾವು ಕೊಟ್ಟು ತಗೊಂಡೆವು, ನೀವೂ ತಗೊಳ್ಳಿ. ಮುಂದಿನ ವರ್ಷ ಹೊಸ ಕಮಿಟಿ ಬಂದು ಮತ್ತೆ ಸ್ಕೂಟರ್ ಅಂದರೆ ತೋರಿಸೋಕೆ ಒಂದು ಕಾಗದ ಬೇಕಲ್ವಾ. ಎಲ್ಲಾ ಸೇರಿ ನಮಗೆ ಖರ್ಚಾದದ್ದು 3,500, ಪ್ರೆಸ್ಸಿನ 800 ಬೇರೆ.

ಅಷ್ಟು ಹಣ ಇಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಮಹಿಳೆಯರಿಗೆ, ಎಸ್‌ಸಿ-ಎಸ್‌ಟಿಯವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಇದೆ, ಫೋನ್ 15100. ನನಗೆ ಇದು ಆಮೇಲೆ ಗೊತ್ತಾಯ್ತು.

ಹೋಗುವಾಗ ಸಂಘದ ನೋಂದಣಿ ಪತ್ರ, ಬೈಲಾ, ಪ್ಯಾನ್ ಕಾರ್ಡ್, 12ಎ (ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿಯ ನೋಂದಣಿ) ಮತ್ತು 80ಜಿ ಆದೇಶ ಇದ್ದರೆ ಅವು, ಹಿಂದಿನ ವರ್ಷದ ಲೆಕ್ಕ ಪತ್ರ ತಗೊಂಡು ಹೋಗಿ. ಬೈಲಾ ಮರೆತು ಹೋಗಿದ್ದಕ್ಕೆ ನಾವು ಇನ್ನೊಂದು ಸಲ ಹೋಗಬೇಕಾಯ್ತು. ಕೂಪನ್ ಪ್ರೂಫ್, ಪೋಸ್ಟರ್ ಏನಾದರೂ ಇದ್ದರೆ ಅದನ್ನೂ ಮುಚ್ಚಿಡದೆ ತೋರಿಸಿ. ಶನಿವಾರ ಬೆಳಗ್ಗೆ ಬಿಟ್ಟು ವಾರದ ದಿನ ಸಂಜೆ ಆರರ ಮೇಲೆ ಹೋದರೆ ಕಾಯೋದು ಕಡಿಮೆ. ಲಿಫ್ಟ್ ಇಲ್ಲ, ಇಪ್ಪತ್ತೆರಡು ಮೆಟ್ಟಿಲು, ಸ್ವಲ್ಪ ಕಡಿದು. ಮೊಣಕಾಲು ನೋವಿದ್ದವರು ಮೊದಲೇ ಫೋನ್ ಮಾಡಿದರೆ ಅವರೇ ಕೆಳಗೆ ಬಂದು ಮೆಡಿಕಲ್ ಅಂಗಡಿಯಲ್ಲಿ ಕೂತು ಮಾತಾಡ್ತಾರೆ, ಎರಡನೇ ಸಲ ಮಾಸ್ತರಿಗೆ ಹಾಗೇ ಮಾಡಿದರು.